ಮೆದುತನ ಎಲ್ಲಿಂದ ಬರುತ್ತದೆ? ಇವಿಎ ಪ್ಲಾಸ್ಟಿಕ್ಕೂ ಕೊಡಗಿನ ಮಳೆಯೂ

(ವಿರಾಜಪೇಟೆಯಲ್ಲಿ ಬೆಳೆಗಾರರು, ಅಂಗಡಿ ಮಾಲೀಕರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಗಾಜಿನ ಜಾಡಿಯಲ್ಲಿ ನೀರಿದೆ. ಪಕ್ಕದಲ್ಲಿರುವುದು ಎರಡು ಹಳೆಯ ಗಮ್ ಬೂಟುಗಳಿಂದ ಕತ್ತರಿಸಿ ತಂದ ಚೂರುಗಳು. ಎರಡೂ ಕಪ್ಪು, ಎರಡೂ ಬಗ್ಗುತ್ತವೆ. ಮೊದಲನೆಯದನ್ನು ನೀರಿಗೆ ಬಿಡುತ್ತೇನೆ, ನೋಡಿ. ತಳ ಸೇರಿತು. ಈಗ ಎರಡನೆಯದು. ಬೆರಳಿನಿಂದ ಒತ್ತಿ ಮುಳುಗಿಸಿದರೂ ಮೇಲಕ್ಕೆ ಬರುತ್ತಿದೆ. ತಳ ಸೇರಿದ್ದು ಪಿವಿಸಿ. ತೇಲುತ್ತಿರುವುದು ಇವಿಎ, ಎಂದರೆ ಎಥಿಲೀನ್ ವಿನೈಲ್ ಅಸಿಟೇಟ್. ನಾನು ಮಾತನಾಡಲು ಬಂದಿರುವುದು ಎರಡನೆಯದರ ಬಗ್ಗೆ. ಆದರೆ ಮೊದಲನೆಯದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಎರಡನೆಯದರ ಗುಣ ತಿಳಿಯುವುದಿಲ್ಲ.

ನನ್ನನ್ನು ಪರಿಚಯಿಸಿದವರ ಮಾತಿನಿಂದ ಹೊಗಳಿಕೆಯನ್ನು ಕಳೆದರೆ ಉಳಿಯುವುದು ಇಷ್ಟು: ಬೆಂಗಳೂರಿನ ಪೀಣ್ಯದಲ್ಲಿ ಚಪ್ಪಲಿಗೆ ಬೇಕಾದ ಫೋಮ್ ಹಾಳೆ ತಯಾರಿಸುವ ಕಾರ್ಖಾನೆಯಲ್ಲಿ ದುಡಿದವನು, ಈಗ ತೋಟ ನೋಡಿಕೊಂಡಿರುವವನು. ಅಲ್ಲಿ ಮಾಡಿದ ಮಾಲು ಇಲ್ಲಿಯ ಮಳೆಯಲ್ಲಿ ಏನಾಗುತ್ತದೆ ಎಂದು ನೋಡುವ ಅವಕಾಶ ಕಾರ್ಖಾನೆಯವರಿಗೆ ಸುಲಭವಾಗಿ ಸಿಗುವುದಿಲ್ಲ. ಕಕ್ಕಡದ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ, ಮಳೆಯಲ್ಲಿ ಒಂದು ತಿಂಗಳು ಕಳೆದರೆ ಯಾವ ಪ್ರಯೋಗಾಲಯವೂ ಹೇಳದ್ದನ್ನು ಒಂದು ಜೊತೆ ಬೂಟು ಹೇಳುತ್ತದೆ.

ಪಿವಿಸಿ ಮೂಲತಃ ಗಟ್ಟಿ ವಸ್ತು. ನಿಮ್ಮ ತೋಟದ ನೀರಿನ ಪೈಪು ಅದರದ್ದೇ. ಬೂಟಾಗುವಷ್ಟು ಮೆತ್ತಗಾಗಬೇಕಾದರೆ ಅದಕ್ಕೆ ಎಣ್ಣೆಯಂತಹ ದ್ರವವನ್ನು ಬೆರೆಸಬೇಕು. ಈ ದಾರಿಯನ್ನು 1926ರಲ್ಲಿ ಕಂಡುಕೊಂಡವರು ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್. ಆ ದ್ರವಕ್ಕೆ ಪ್ಲಾಸ್ಟಿಸೈಜರ್ ಎಂದು ಹೆಸರು. ಡಿಒಪಿ ಎಂಬುದು ಅದರಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಬಗೆ. ಮೆತ್ತನೆಯ ಪಿವಿಸಿ ಬೂಟಿನ ತೂಕದಲ್ಲಿ ಮೂರನೆಯ ಒಂದು ಭಾಗದಷ್ಟು ಈ ಎಣ್ಣೆಯದೇ ಇರಬಹುದು. ಅದು ಪ್ಲಾಸ್ಟಿಕ್ಕಿನ ಅಣುಗಳಿಗೆ ಬೆಸೆದುಕೊಂಡಿರುವುದಿಲ್ಲ, ನಡುವೆ ಸೇರಿಕೊಂಡಿರುತ್ತದೆ, ಅಷ್ಟೆ. ಹಾಗಾಗಿ ವರ್ಷ ಕಳೆದಂತೆ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತದೆ. ಹಳೆಯ ಬೂಟು ಅಂಟಂಟಾಗುವುದಕ್ಕೆ, ಆಮೇಲೆ ಬಿರುಸಾಗಿ ಮಡಿಕೆ ಬೀಳುವ ಕಡೆ ಸೀಳುವುದಕ್ಕೆ ಇದೇ ಕಾರಣ. ಕೆಲವು ಬಗೆಯ ಪ್ಲಾಸ್ಟಿಸೈಜರ್‌ಗಳು ಬೂಷ್ಟಿಗೆ ಆಹಾರವೂ ಹೌದು. ಆಗಸ್ಟ್ ತಿಂಗಳಲ್ಲಿ ಬೂಟಿನ ಮೇಲೆ ಬಿಳಿ ಬೂಷ್ಟು ಕಂಡಾಗ ಅದು ಕೊಳೆಯನ್ನು ಮಾತ್ರ ತಿನ್ನುತ್ತಿದೆ ಎಂದುಕೊಳ್ಳಬೇಡಿ.

ಇವಿಎಯಲ್ಲಿ ಮೆದುತನ ಹೊರಗಿನಿಂದ ಬರುವುದಿಲ್ಲ. ಅದರ ಮೂಲ ಪಾಲಿಥೀನ್. ನರ್ಸರಿಯಲ್ಲಿ ಕಾಫಿ ಸಸಿ ಬೆಳೆಸುವ ಕಪ್ಪು ಚೀಲದ ವಸ್ತು. ಪಾಲಿಥೀನಿನ ಅಣು ಎಂದರೆ ಇಂಗಾಲದ ಉದ್ದನೆಯ ಸರಪಳಿ. ಗಣ್ಣಿನ ರೆಂಬೆಗಳನ್ನೆಲ್ಲ ಸವರಿದ ಬಿದಿರು ಲಾರಿಯಲ್ಲಿ ಒತ್ತೊತ್ತಾಗಿ ಕೂರುತ್ತದೆ. ರೆಂಬೆಗಳನ್ನು ಸವರದೆ ತುಂಬಿದರೆ ನಡುನಡುವೆ ಸಂದು ಉಳಿದು ಹೊರೆ ಅಲುಗಾಡುತ್ತದೆ. ಸರಪಳಿಗಳ ಕಥೆಯೂ ಹಾಗೆಯೇ. ಒತ್ತೊತ್ತಾಗಿ ಕೂತ ಭಾಗಗಳು ಹರಳುಗಟ್ಟುತ್ತವೆ, ಅದರಿಂದ ಗಟ್ಟಿತನ ಬರುತ್ತದೆ. ಎಥಿಲೀನ್ ಜೊತೆಗೆ ವಿನೈಲ್ ಅಸಿಟೇಟನ್ನೂ ಸೇರಿಸಿ ಸರಪಳಿ ಹೆಣೆದರೆ ಅಲ್ಲಲ್ಲಿ ಅಸಿಟೇಟ್ ಗುಂಪುಗಳು ಪಕ್ಕಕ್ಕೆ ಚಾಚಿಕೊಳ್ಳುತ್ತವೆ. ಹರಳುಗಟ್ಟುವುದು ಕಡಿಮೆಯಾಗುತ್ತದೆ, ವಸ್ತು ಮೆತ್ತಗಾಗುತ್ತದೆ, ಕಡಿಮೆ ಬಿಸಿಗೇ ಕರಗುತ್ತದೆ. ಈ ಮೆದುತನ ಸರಪಳಿಯ ಅಂಗವೇ ಆಗಿರುವುದರಿಂದ ಸೋರಿಹೋಗುವ ಪ್ರಶ್ನೆ ಇಲ್ಲ.

ಇದರ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1933ರಲ್ಲಿ ಇಂಗ್ಲೆಂಡಿನ ವಿನ್ನಿಂಗ್ಟನ್‌ನಲ್ಲಿ ಐಸಿಐ ಕಂಪನಿಯ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಥಿಲೀನ್ ಅನಿಲವನ್ನು ಭಾರಿ ಒತ್ತಡದಲ್ಲಿಟ್ಟು ಬೇರೇನನ್ನೋ ಹುಡುಕುತ್ತಿದ್ದಾಗ ಮೇಣದಂತಹ ಬಿಳಿ ಪದಾರ್ಥ ಸಿಕ್ಕಿತು, ಅದೇ ಪಾಲಿಥೀನ್. ಇವಿಎಯನ್ನು 1960ರ ಸುಮಾರಿಗೆ ಡ್ಯೂಪಾಂಟ್ ಕಂಪನಿ ಎಲ್ವ್ಯಾಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇಂದಿಗೂ ಅದನ್ನು ಹೆಚ್ಚುಕಡಿಮೆ ಪಾಲಿಥೀನಿನದೇ ಬಗೆಯ ಸ್ಥಾವರದಲ್ಲಿ, ಸುತ್ತಲಿನ ಗಾಳಿಯ ಒತ್ತಡದ ಸಾವಿರ ಪಟ್ಟಿಗೂ ಮೀರಿದ ಒತ್ತಡದಲ್ಲಿ ಮಾಡುತ್ತಾರೆ. ಅಂತಹ ಸ್ಥಾವರ ಊರೂರಿಗೆ ಬರುವಂಥದ್ದಲ್ಲ. ನಮ್ಮಂಥ ಸಣ್ಣ ಕಾರ್ಖಾನೆಗಳಿಗೆ ಬರುತ್ತಿದ್ದುದು 25 ಕಿಲೋ ಚೀಲದಲ್ಲಿ ತುಂಬಿದ, ಸಬ್ಬಕ್ಕಿ ಗಾತ್ರದ ಕಾಳುಗಳು.

ಆ ಚೀಲದ ಮೇಲೆ ನಾವು ಮೊದಲು ನೋಡುತ್ತಿದ್ದುದು ಒಂದೇ ಅಂಕಿಯನ್ನು: ವಿನೈಲ್ ಅಸಿಟೇಟ್ ಶೇಕಡಾ ಎಷ್ಟು? ಐದಾರು ಇದ್ದರೆ ಅದು ಚೀಲ ಮತ್ತು ಪೊಟ್ಟಣಗಳ ಹಾಳೆಗೆ. ಸಾದಾ ಪಾಲಿಥೀನಿಗಿಂತ ಸ್ವಲ್ಪ ಮೆತ್ತಗೆ, ಚಳಿಯಲ್ಲೂ ಸೀಳುವುದಿಲ್ಲ, ಕಡಿಮೆ ಬಿಸಿಗೇ ಬಾಯಿ ಅಂಟಿಕೊಳ್ಳುತ್ತದೆ. 18ರಿಂದ 28ರವರೆಗೆ ಚಪ್ಪಲಿ ಮತ್ತು ಶೂಗಳ ಫೋಮಿಗೆ. 28ರ ಆಸುಪಾಸಿನದು ಅಂಟಿಗೆ. ಮಕ್ಕಳ ಕರಕುಶಲ ಕೆಲಸಕ್ಕೆ ಬಳಸುವ ಗ್ಲೂ ಗನ್ನಿನ ಕಡ್ಡಿ ಇದೆಯಲ್ಲ, ಅದರ ಮುಖ್ಯ ವಸ್ತು ಇದೇ. ಹೊಲಿಗೆ ಇಲ್ಲದ ಪುಸ್ತಕಗಳ ಬೆನ್ನನ್ನು ಹಿಡಿದಿರುವುದೂ ಹೆಚ್ಚಾಗಿ ಇದೇ. 28ರಿಂದ 33 ಸೋಲಾರ್ ಫಲಕಕ್ಕೆ. 40 ದಾಟಿದರೆ ರಬ್ಬರಿನ ಗುಣವೇ ಬಂದುಬಿಡುತ್ತದೆ. ಸಾದಾ ಪಾಲಿಥೀನ್ ಕರಗಲು ಸುಮಾರು 110 ಡಿಗ್ರಿ ಬೇಕು. ಶೇಕಡಾ 28ರ ಇವಿಎಗೆ 75ರ ಒಳಗೇ ಸಾಕು. ಈ ಕೊನೆಯ ಅಂಕಿಯನ್ನು ನೆನಪಿಡಿ, ಕಾಫಿ ಒಣಗಿಸುವ ಕಣದ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಫೋಮ್ ಮಾಡುವುದನ್ನು ಮಾತ್ರ ನಿಧಾನವಾಗಿ ಹೇಳುತ್ತೇನೆ. ನಾನು ಕಂಡ ಕೆಲಸಗಳಲ್ಲಿ ಇಷ್ಟು ಸೊಗಸಾದದ್ದು ಇನ್ನೊಂದಿಲ್ಲ.

ಕಾಳುಗಳನ್ನು ನೀಡರ್ ಎಂಬ ಯಂತ್ರಕ್ಕೆ ಸುರಿದು, ಎರಡು ದಪ್ಪ ತೋಳುಗಳ ನಡುವೆ ಬಿಸಿಯಲ್ಲಿ ನಾದುತ್ತಾರೆ. ಅದಕ್ಕೆ ಸುಣ್ಣದ ಕಲ್ಲಿನ ಪುಡಿ, ಜಿಂಕ್ ಆಕ್ಸೈಡ್, ಸ್ಟಿಯರಿಕ್ ಆಮ್ಲ, ಬಣ್ಣ ಸೇರುತ್ತವೆ. ಕೊನೆಯಲ್ಲಿ ಎರಡು ಮುಖ್ಯ ಪುಡಿಗಳು. ಒಂದು ಹಳದಿ ಬಣ್ಣದ ಅಜೋಡೈಕಾರ್ಬನಮೈಡ್: ಬಿಸಿಗೆ ಒಡೆದು, ಒಂದು ಗ್ರಾಮಿಗೆ ಸುಮಾರು 220 ಮಿಲಿಲೀಟರ್ ಅನಿಲ ಬಿಡುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಸಾರಜನಕ. ಒಂಟಿಯಾಗಿದ್ದರೆ ಅದು ಒಡೆಯಲು 200 ಡಿಗ್ರಿ ಬೇಕು. ಜಿಂಕ್ ಆಕ್ಸೈಡ್ ಜೊತೆಗಿದ್ದರೆ 160ರ ಸುಮಾರಿಗೇ ಒಡೆಯುತ್ತದೆ. ಇನ್ನೊಂದು ಡೈಕ್ಯುಮೈಲ್ ಪೆರಾಕ್ಸೈಡ್. ಇದರ ಕೆಲಸ ಸರಪಳಿಗಳ ನಡುವೆ ಅಡ್ಡಕೊಂಡಿ ಹಾಕಿ ಎಲ್ಲವನ್ನೂ ಒಂದೇ ಬಲೆಯಾಗಿ ಹೆಣೆಯುವುದು. ಅನಿಲ ಹುಟ್ಟುವ ಹೊತ್ತಿಗೆ ಬಲೆ ಹೆಣೆದು ಮುಗಿದಿರಬೇಕು. ಬಲೆ ತಡವಾದರೆ ಗುಳ್ಳೆಗಳು ಒಡೆದು ಹಾಳೆ ತೂತಾಗುತ್ತದೆ. ಬಹಳ ಮೊದಲೇ ಬಿಗಿದರೆ ಉಬ್ಬುವುದೇ ಇಲ್ಲ.

ನಾದಿದ ಹಾಳೆಯನ್ನು ತೂಗಿ, 165ರಿಂದ 170 ಡಿಗ್ರಿಯ ಪ್ರೆಸ್ಸಿನ ಅಚ್ಚಿಗೆ ಹಾಕಿ ಬಾಯಿ ಮುಚ್ಚುತ್ತಾರೆ. ಒಳಗೆ ಅನಿಲ ಹುಟ್ಟುತ್ತಿರುತ್ತದೆ, ಆದರೆ ಪ್ರೆಸ್ಸಿನ ಒತ್ತಡದಲ್ಲಿ ಅದಕ್ಕೆ ಜಾಗವಿಲ್ಲ. ಹೊತ್ತು ಮುಗಿದು ಪ್ರೆಸ್ ಬಾಯಿ ತೆರೆದ ಕ್ಷಣ ದಪ್ಪನೆಯ ಸದ್ದಿನೊಂದಿಗೆ ಹಾಳೆ ಅಚ್ಚಿನಿಂದ ತಾನೇ ಹಾರಿ ಹೊರಬೀಳುತ್ತದೆ. ಬೀಳುವಾಗಲೇ ಉದ್ದ, ಅಗಲ, ದಪ್ಪ ಮೂರರಲ್ಲೂ ಸುಮಾರು ಒಂದೂವರೆ ಪಟ್ಟು ಆಗಿರುತ್ತದೆ. ಒಂದೂವರೆಯನ್ನು ಮೂರು ಸಲ ಗುಣಿಸಿ ನೋಡಿ, ಗಾತ್ರ ಮೂರು ಪಟ್ಟು ದಾಟುತ್ತದೆ. ಹೊಸಬರು ಹೆದರಿ ಹಿಂದೆ ಸರಿಯುತ್ತಾರೆ. ಹಳಬರು ಬರಿಗೈಯಲ್ಲಿ ಹಿಡಿಯಲು ಹೋಗಿ ಬೈಸಿಕೊಳ್ಳುತ್ತಾರೆ. ಅಚ್ಚಿನಲ್ಲೇ ನೇರವಾಗಿ ಬೂಟು ಅಥವಾ ಚಪ್ಪಲಿ ತೆಗೆಯುವ ಇಂಜೆಕ್ಷನ್ ಯಂತ್ರಗಳಲ್ಲಿ ಅಚ್ಚು ಪಾದಕ್ಕಿಂತ ಚಿಕ್ಕದಿರುತ್ತದೆ. ಎಂಟನೇ ನಂಬರಿನ ಚಪ್ಪಲಿಯ ಅಚ್ಚನ್ನು ನೋಡಿದರೆ ಮಕ್ಕಳದ್ದು ಎನ್ನುತ್ತೀರಿ.

1970ರ ದಶಕದ ಮಧ್ಯದಲ್ಲಿ ಅಮೆರಿಕದ ಬ್ರೂಕ್ಸ್ ಕಂಪನಿ ಓಟದ ಶೂಗಳಿಗೆ ಈ ಫೋಮನ್ನು ತಂದಿತು. ಈಗ ಹಾಕಿ ಆಡುವ ನಮ್ಮ ಹುಡುಗರ ಶೂಗಳ ಒಳಪದರವೂ ಬಹುಪಾಲು ಇದರದ್ದೇ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ ಹೋದರೆ, ಆಟಗಾರರು ಮೊಣಕಾಲಿನ ಕೆಳಗೆ ಕಟ್ಟಿಕೊಳ್ಳುವ ಗಾರ್ಡುಗಳನ್ನು ಸುಮ್ಮನೆ ಒತ್ತಿ ನೋಡಿ. ಒಳಬದಿಯ ಮೆತ್ತೆಗೂ ಈ ಫೋಮನ್ನು ಬಳಸುತ್ತಾರೆ.

ಈಗ ಮಳೆಗೆ ಬರೋಣ. ಇಲ್ಲಿ ಕುಳಿತವರಲ್ಲಿ ಎಷ್ಟು ಜನರ ಶೂಗಳು ಬೀರುವಿನಲ್ಲಿಯೇ ಪುಡಿಯಾಗಿವೆ? ಕೈಗಳು ಬಹಳ ಏಳುತ್ತಿವೆ. ಮದುವೆಗೆಂದು ತೆಗೆದುಕೊಂಡದ್ದು, ಒಂದೆರಡು ಸಲ ಹಾಕಿ ಎತ್ತಿಟ್ಟದ್ದು. ಎರಡು ಮಳೆಗಾಲ ಕಳೆದು ತೆಗೆದರೆ ಮೇಲಿನ ಚರ್ಮ ಹೊಸದಾಗಿಯೇ ಇದೆ, ಅಡಿ ಮಾತ್ರ ಬೆಲ್ಲದ ಪುಡಿ ಉದುರಿದ ಹಾಗೆ ಉದುರುತ್ತದೆ. ಅಂಗಡಿಯವರು ಮೋಸ ಮಾಡಿದರು ಎಂದು ನೀವು ಬೈದಿರುತ್ತೀರಿ. ಅಂಗಡಿಯವರಿಗೂ ಕಾರಣ ತಿಳಿದಿರುವುದಿಲ್ಲ.

ಆ ಅಡಿ ಪಾಲಿಯುರೆಥೇನ್, ಪಿಯು ಎನ್ನುತ್ತಾರೆ. ಅದರಲ್ಲಿ ಪಾಲಿಯೆಸ್ಟರ್ ಬಗೆಯದರ ಸರಪಳಿಯ ಉದ್ದಕ್ಕೂ ಎಸ್ಟರ್ ಕೊಂಡಿಗಳಿರುತ್ತವೆ, ಎಂದರೆ ಆಮ್ಲವೂ ಆಲ್ಕೊಹಾಲೂ ಸೇರಿ ಆದ ಕೊಂಡಿಗಳು. ಗಾಳಿಯ ತೇವ ಆ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಕೊಂಡಿ ಕಳಚಿದಲ್ಲಿ ಸರಪಳಿಯೇ ಎರಡು ತುಂಡು. ಸಾಕಷ್ಟು ತುಂಡುಗಳಾದ ಮೇಲೆ ಉಳಿಯುವುದು ಪುಡಿ. ಬಿಸಿಲು ಬೇಡ, ನಡಿಗೆ ಬೇಡ, ತೇವವೊಂದೇ ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೇವವನ್ನು ಒಳಗೇ ಹಿಡಿದಿಟ್ಟರೆ ಇನ್ನೂ ಬೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಅಂತಹ ಶೂ ಎಷ್ಟು ದಿನ ಬಾಳೀತು?

ಒಬ್ಬ ವಿದ್ಯಾರ್ಥಿನಿ ಒಳ್ಳೆಯ ಪ್ರಶ್ನೆ ಕೇಳಿದರು: "ಅಸಿಟೇಟ್ ಅಂದರೂ ಎಸ್ಟರೇ ಅಲ್ಲವೇ? ಹಾಗಾದರೆ ಇವಿಎ ಯಾಕೆ ಪುಡಿಯಾಗುವುದಿಲ್ಲ?" ನಿಜ, ಎಸ್ಟರೇ. ಆದರೆ ಅದು ಇರುವ ಜಾಗವನ್ನು ನೋಡಿ. ಪಿಯುವಿನಲ್ಲಿ ಎಸ್ಟರ್ ಸರಪಳಿಯ ಒಳಗಿದೆ. ಇವಿಎಯಲ್ಲಿ ಸರಪಳಿಯಿಂದ ಪಕ್ಕಕ್ಕೆ ಚಾಚಿದೆ. ಮೊದಲನೆಯದಾಗಿ ಪಾಲಿಥೀನಿನ ಮೈಗೆ ನೀರು ಒಗ್ಗುವುದಿಲ್ಲವಾದ್ದರಿಂದ ತೇವ ಅಲ್ಲಿಗೆ ತಲುಪುವುದೇ ನಿಧಾನ. ತಲುಪಿ ಕೊಂಡಿ ಬಿಡಿಸಿದರೂ ಹೋಗುವುದು ಒಂದಿಷ್ಟು ಅಸಿಟಿಕ್ ಆಮ್ಲ, ಎಂದರೆ ವಿನಿಗರ್‌ನಲ್ಲಿರುವ ಹುಳಿ. ಇಂಗಾಲದ ಸರಪಳಿ ಇದ್ದಂತೆಯೇ ಇರುತ್ತದೆ. ರಸಾಯನಶಾಸ್ತ್ರದ ಪುಸ್ತಕದಲ್ಲಿ ಇದು ಒಂದು ಗೆರೆಯ ವ್ಯತ್ಯಾಸ. ನಮ್ಮ ಜಿಲ್ಲೆಯಲ್ಲಿ ಅದು ಒಂದು ಜೊತೆ ಶೂಗಳ ಬೆಲೆ.

ಆದರೆ ಅದೇ ಹುಳಿ ಇನ್ನೊಂದು ಕಡೆ ತೊಂದರೆ ಕೊಡುತ್ತದೆ. ಆನೆಗಳಿಗಾಗಿ ಹಾಕಿದ ಸೋಲಾರ್ ಬೇಲಿ ನಿಮ್ಮಲ್ಲಿ ಅನೇಕರ ತೋಟದಲ್ಲಿದೆ. ಅದರ ಫಲಕದಲ್ಲಿ ಗಾಜಿಗೂ ಸಿಲಿಕಾನ್ ಬಿಲ್ಲೆಗಳಿಗೂ ನಡುವೆ ಇರುವ ಪಾರದರ್ಶಕ ಪದರ ಇವಿಎಯೇ. ಸುಮಾರು 150 ಡಿಗ್ರಿಯಲ್ಲಿ ಒತ್ತಿ ಬಲೆಯಾಗಿಸಿ ಕೂರಿಸಿರುತ್ತಾರೆ. ಬಿಸಿಲು ಮತ್ತು ತೇವ ಎರಡೂ ಸೇರಿ ವರ್ಷಗಳ ಮೇಲೆ ಅದು ಹಳದಿಯಾಗುತ್ತದೆ, ಒಳಗೆ ಬಿಟ್ಟ ಅಸಿಟಿಕ್ ಆಮ್ಲ ಹೊರಹೋಗಲಾಗದೆ ಬಿಲ್ಲೆಗಳ ಮೇಲಿನ ಬೆಳ್ಳಿಯ ಎಳೆಗಳನ್ನು ತಿನ್ನುತ್ತದೆ. ಚಪ್ಪಲಿಯಲ್ಲಾದರೆ ಆ ಹುಳಿ ಗಾಳಿಗೆ ಹೋಗಿ ಮುಗಿಯಿತು. ಬೇಲಿಯಲ್ಲಿ ಕರೆಂಟು ಸಾಲದೆ ಹೋದಾಗ ಫಲಕದ ಹಿಂಬದಿಯ ಹಾಳೆ ಬಿರುಕು ಬಿಟ್ಟಿದ್ದರೆ ಬ್ಯಾಟರಿ ಬದಲಿಸುವ ಮೊದಲು ಫಲಕವನ್ನು ಪರೀಕ್ಷಿಸಿ.

ಇವಿಎ ಚಪ್ಪಲಿಯ ದೋಷಗಳನ್ನು ಮುಚ್ಚಿಡುವುದಿಲ್ಲ. ಮೊದಲನೆಯದು ಬಿಸಿ. ಫೆಬ್ರವರಿಯ ಮಧ್ಯಾಹ್ನ ಕಾಫಿ ಒಣಗಿಸುವ ಸಿಮೆಂಟು ಕಣದ ಅಂಚಿನಲ್ಲಿ ಕಪ್ಪು ಚಪ್ಪಲಿ ಬಿಟ್ಟು ಊಟಕ್ಕೆ ಹೋಗಿ ಬಂದರೆ, ಅದು ಅರ್ಧ ನಂಬರು ಚಿಕ್ಕದಾಗಿ, ತುದಿ ಮೇಲಕ್ಕೆ ಬಾಗಿರುತ್ತದೆ. ಆಗ ಹೇಳಿದ ಕರಗುವ ಅಂಕಿ ನೆನಪಿದೆಯಲ್ಲ. ಅದರ ಹತ್ತಿರ ಹೋದಂತೆ ಗುಳ್ಳೆಗಳ ಗೋಡೆ ಸಡಿಲವಾಗಿ ಫೋಮ್ ಕುಗ್ಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಒದ್ದೆ ಬೂಟನ್ನು ಒಲೆಯ ಪಕ್ಕ ನಿಲ್ಲಿಸುವುದುಂಟು. ಪಿವಿಸಿ ಬೂಟು ಅದನ್ನು ಸ್ವಲ್ಪ ಸಹಿಸುತ್ತದೆ, ಇವಿಎ ಸಹಿಸುವುದಿಲ್ಲ. ಹಳೆಯ ಪತ್ರಿಕೆಯನ್ನು ಒಳಗೆ ತುರುಕಿ ಗಾಳಿಗಿಟ್ಟರೆ ಸಾಕು.

ಎರಡನೆಯದು ಜಾರುವುದು. ಪಾಚಿ ಹಿಡಿದ ಅಂಗಳದಲ್ಲಿ ಬರಿಯ ಇವಿಎ ಅಡಿ ರಬ್ಬರಿನಷ್ಟು ಹಿಡಿತ ಕೊಡುವುದಿಲ್ಲ, ಸವೆಯುವುದೂ ಬೇಗ. ಒಳ್ಳೆಯ ಶೂಗಳಲ್ಲಿ ಇವಿಎ ಮೇಲೆ, ರಬ್ಬರು ಕೆಳಗೆ ಇರುವುದು ಅದಕ್ಕೇ. ವಯಸ್ಸಾದವರಿಗೆ ಹಗುರವಾಗಿದೆ ಎಂದು ಬರಿಯ ಫೋಮ್ ಚಪ್ಪಲಿ ತಂದುಕೊಡುವವರು ಬಚ್ಚಲಿನ ನೆಲವನ್ನೊಮ್ಮೆ ನೆನಪಿಸಿಕೊಳ್ಳಿ.

ಮೂರನೆಯದು ಚಪ್ಪಟೆಯಾಗುವುದು. ಈ ಚಪ್ಪಲಿಯನ್ನು ಉದ್ದಕ್ಕೆ ಸೀಳಿ ತಂದಿದ್ದೇನೆ, ಕೈಯಿಂದ ಕೈಗೆ ದಾಟಿಸಿ, ಭೂತಗನ್ನಡಿಯೂ ಜೊತೆಗಿದೆ. ಕಾಲಿನ ಕಮಾನಿನ ಕೆಳಗೆ ಗುಳ್ಳೆಗಳು ದುಂಡಗಿವೆ. ಹಿಮ್ಮಡಿಯ ಕೆಳಗೆ ಅವೇ ಗುಳ್ಳೆಗಳು ಅಡ್ಡಕ್ಕೆ ಒತ್ತಿ ಗೆರೆಗಳಂತಾಗಿವೆ, ಮೇಲ್ಮೈ ಹೊಳೆಯುತ್ತಿದೆ. ಒಳಗಿದ್ದ ಅನಿಲ ಮೆಲ್ಲನೆ ಹೊರಹೋಗಿದೆ, ಗೋಡೆ ಮಡಿಸಿಕೊಂಡಿದೆ. ಹೊರಗೆ ನೋಡಲು ಹರಿದಿಲ್ಲ, ಆದರೆ ಮೆತ್ತೆಯಾಗಿ ಅದರ ಕೆಲಸ ಮುಗಿದಿದೆ.

ಇನ್ನೊಂದನ್ನು ವ್ಯಾಪಾರಿಗಳಿಗೆ ಹೇಳಲೇಬೇಕು: ಸುಣ್ಣದ ಕಲ್ಲಿನ ಪುಡಿ. ಮಿತಿಯಲ್ಲಿದ್ದರೆ ತಪ್ಪಲ್ಲ. ಬೆಲೆ ಇಳಿಸಲು ಮಿತಿ ಮೀರಿ ಹಾಕಿದ್ದನ್ನು ಮಡಚಿ ನೋಡಿ ತಿಳಿಯಬಹುದು. ಮಡಿಕೆಯ ಮೇಲೆ ಬಿಳಿ ಗೆರೆ ಏಳುತ್ತದೆ. ಗಾತ್ರಕ್ಕೆ ಹೋಲಿಸಿದರೆ ತೂಕವೂ ಹೆಚ್ಚಿರುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಜೊತೆಗಳಲ್ಲಿ ನೀವು ಇವಿಎ ಬೆಲೆಗೆ ಸೀಮೆಸುಣ್ಣ ಕೊಳ್ಳುತ್ತಿದ್ದೀರಿ.

ಕಾಫಿಯ ಊರಿನಲ್ಲಿ ಪೊಟ್ಟಣದ ಮಾತು ಬಾರದೆ ಇರುತ್ತದೆಯೇ? ಪುಡಿ ಮಾಡಿ ಪ್ರವಾಸಿಗರಿಗೆ ಮಾರುವ ಮೂರ್ನಾಲ್ಕು ಜನ ಇಲ್ಲಿದ್ದಾರೆ. ಪೊಟ್ಟಣದ ಬಾಯಿ ಅಂಟಿಸುವಾಗ ಪುಡಿಯ ಧೂಳು ನಡುವೆ ಸಿಕ್ಕಿ ಸೀಲ್ ಬಿಟ್ಟುಕೊಳ್ಳುವುದು ನಿಮ್ಮ ನಿತ್ಯದ ಗೋಳು. ಒಳಪದರದಲ್ಲಿ ಸ್ವಲ್ಪ ಇವಿಎ ಇರುವ ಹಾಳೆ ಕಡಿಮೆ ಬಿಸಿಗೇ ಮೆತ್ತಗಾಗಿ ಅಂತಹ ಧೂಳಿನ ಸುತ್ತಲೂ ಹರಿದು ಅಂಟಿಕೊಳ್ಳುತ್ತದೆ. ಆದರೆ ಪರಿಮಳ ಉಳಿಸುವ ಕೆಲಸವನ್ನು ಅದರಿಂದ ನಿರೀಕ್ಷಿಸಬೇಡಿ. ಮೆತ್ತಗಾದಷ್ಟೂ ಅನಿಲಗಳಿಗೆ ದಾರಿ ಸುಲಭ; ಆಮ್ಲಜನಕವನ್ನು ತಡೆಯುವುದರಲ್ಲಿ ಇವಿಎ ಸಾದಾ ಪಾಲಿಥೀನಿಗಿಂತ ಹಿಂದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ಇವಿಎಯ ಅಸಿಟೇಟನ್ನು ಕ್ಷಾರದಿಂದ ಬೇಕೆಂದೇ ಕಳಚಿದರೆ ಸಿಗುವುದು ಇವಿಒಎಚ್, ಎಥಿಲೀನ್ ವಿನೈಲ್ ಆಲ್ಕೊಹಾಲ್. ಆಮ್ಲಜನಕವನ್ನು ತಡೆಯುವುದರಲ್ಲಿ ಇದು ಎತ್ತಿದ ಕೈ. ಸ್ಪೆಷಾಲಿಟಿ ಕಾಫಿ ಬೀಜವನ್ನು ರಫ್ತು ಮಾಡುವವರು ಗೋಣಿಚೀಲದೊಳಗೆ ಹಾಕುವ ಗಾಳಿಯಾಡದ ಒಳಚೀಲಗಳಲ್ಲಿ ಇದರ ತೆಳುವಾದ ಪದರವನ್ನು ಬಳಸುತ್ತಾರೆ. ಆದರೆ ಇದಕ್ಕೆ ನೀರು ಆಗದು. ತೇವ ಹೀರಿದರೆ ತಡೆಯುವ ಶಕ್ತಿ ಕುಸಿಯುತ್ತದೆ. ಅದಕ್ಕೇ ಎರಡು ಕಡೆಯೂ ಪಾಲಿಥೀನ್ ಹೊದಿಸಿರುತ್ತಾರೆ. ಒಳಚೀಲದಲ್ಲಿ ಗೀರು ಬಿದ್ದರೆ ತೇಪೆ ಹಾಕಿ ಮಳೆಗಾಲಕ್ಕೆ ಮತ್ತೆ ಬಳಸುವ ಯೋಚನೆ ಬೇಡ. ಬೀಜದ ತೇವಾಂಶ ಶೇಕಡಾ 10ರಿಂದ 12ರ ನಡುವೆ ನಿಲ್ಲಲಿ ಎಂದು ಅಷ್ಟು ಕಷ್ಟಪಟ್ಟು ಒಣಗಿಸಿರುತ್ತೀರಿ.

ಮಕ್ಕಳು ಆಡುವ ಬಣ್ಣದ ಜೋಡಣೆ ಚಾಪೆಗಳ ಬಗ್ಗೆ ಒಬ್ಬ ತಾಯಿ ಕೇಳಿದರು. ಅವೂ ಇವಿಎ ಫೋಮೇ. ಅನಿಲ ಬಿಡುವ ಹಳದಿ ಪುಡಿಯಿಂದ ಫಾರ್ಮಮೈಡ್ ಎಂಬ ಹಾನಿಕರ ವಸ್ತು ಅಲ್ಪ ಪ್ರಮಾಣದಲ್ಲಿ ಉಳಿದುಬಿಡುತ್ತದೆ. 2010ರ ಡಿಸೆಂಬರ್‌ನಲ್ಲಿ ಬೆಲ್ಜಿಯಂ ಅಂತಹ ಚಾಪೆಗಳ ಮಾರಾಟವನ್ನು ನಿಲ್ಲಿಸಿದ್ದು ಈ ಕಾರಣಕ್ಕೆ. ಆಮೇಲೆ ಯುರೋಪಿನಲ್ಲಿ ಮಿತಿ ನಿಗದಿಯಾಯಿತು. ಹೊಸ ಚಾಪೆಗೆ ಘಾಟು ವಾಸನೆ ಇದ್ದರೆ ಬಿಚ್ಚಿ ಕೆಲವು ದಿನ ಜಗಲಿಯಲ್ಲಿ ಗಾಳಿಗೆ ಹರಡಿ. ವಾಸನೆ ಹೋಗದಿದ್ದರೆ ವಾಪಸ್ ಕೊಡಿ.

ಹಳೆಯದನ್ನು ಏನು ಮಾಡುವುದು? ಇದು ನನಗೆ ಇಷ್ಟವಿಲ್ಲದ ಪ್ರಶ್ನೆ, ಏಕೆಂದರೆ ಉತ್ತರ ಚೆನ್ನಾಗಿಲ್ಲ. ಇವಿಎ ಹಾಳೆ, ಗ್ಲೂ ಕಡ್ಡಿ ಇವನ್ನು ಮತ್ತೆ ಕರಗಿಸಬಹುದು. ಫೋಮನ್ನು ಆಗುವುದಿಲ್ಲ: ಪೆರಾಕ್ಸೈಡ್ ಹಾಕಿದ ಅಡ್ಡಕೊಂಡಿಗಳು ಬಿಚ್ಚುವುದಿಲ್ಲ. ಕತ್ತರಿಸಿ ಪುಡಿ ಮಾಡಿ ಹೊಸ ಹಾಳೆಗೆ ಸ್ವಲ್ಪ ಬೆರೆಸಬಹುದು, ನೆಲಹಾಸು ಮಾಡಬಹುದು. ಕಾರ್ಖಾನೆಯ ಕತ್ತರಿಸಿದ ಚೂರುಗಳು ಹಾಗೆಯೇ ಹೋಗುತ್ತಿದ್ದವು. ತೋಟದ ಹಳೆಯ ಚಪ್ಪಲಿ ಅಲ್ಲಿಯವರೆಗೆ ತಲುಪುವುದಿಲ್ಲ. ಹಗುರವಾದ ವಸ್ತು, ಲಾರಿ ತುಂಬಿದರೂ ತೂಕ ಬರುವುದಿಲ್ಲ, ಗುಜರಿಯವರಿಗೆ ಬೇಡ. 2022ರಲ್ಲಿ ಕೇಂದ್ರ ತಂದ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ಪ್ಲಾಸ್ಟಿಕ್ ಪೊಟ್ಟಣಗಳ ಬಗ್ಗೆ ಮಾತನಾಡುತ್ತದೆ, ಚಪ್ಪಲಿಯ ಬಗ್ಗೆ ಅಲ್ಲ. ಚಪ್ಪಲಿ ಮಾರುವ ಕಂಪನಿಗಳಿಂದಲೂ ಹಳೆಯದನ್ನು ವಾಪಸ್ ಪಡೆಯುವ ಹೊಣೆಯನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಒಂದು ಕೆಲಸವನ್ನಾದರೂ ನಿಲ್ಲಿಸೋಣ: ಬಚ್ಚಲೊಲೆ ಹೊತ್ತಿಸಲು ಹಳೆಯ ಚಪ್ಪಲಿ, ಬೂಟಿನ ಚೂರು ಹಾಕುವುದು. ಪಿವಿಸಿ ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಇವಿಎಯಲ್ಲಿ ಕ್ಲೋರಿನ್ ಇಲ್ಲ, ಹಾಗೆಂದು ಅದರ ಕರಿ ಹೊಗೆ ಶ್ವಾಸಕ್ಕೆ ಒಳ್ಳೆಯದೇನಲ್ಲ.

ಕೊನೆಯ ಪ್ರಶ್ನೆ ಬೂಟು ಮಾರುವವರೊಬ್ಬರದ್ದು: "ಇಷ್ಟೆಲ್ಲ ಹೇಳಿದಿರಿ, ತೋಟಗಳಿಗೆ ನಾನು ಯಾವುದನ್ನು ತರಿಸಲಿ?" ಕೆಲಸ ನೋಡಿ ತರಿಸಿ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು), ಕಳೆ ಸವರುವುದು, ಮುಳ್ಳುಪೊದೆ ಇರುವಲ್ಲಿ ಇವಿಎ ಬೂಟು ಬೇಡ. ಕತ್ತಿಯ ಏಟಿಗೂ ಮುಳ್ಳಿಗೂ ಅದು ಬೇಗ ಸೋಲುತ್ತದೆ. ಅಲ್ಲಿಗೆ ರಬ್ಬರು ಅಥವಾ ದಪ್ಪನೆಯ ಪಿವಿಸಿಯೇ ಸರಿ. ದಿನವಿಡೀ ಗುಡ್ಡ ಹತ್ತಿ ಇಳಿದು ಚಿಗುರು ತೆಗೆಯುವವರಿಗೆ, ಹಣ್ಣು ಕೊಯ್ಯುವವರಿಗೆ ಹಗುರವಾದ ಇವಿಎ, ಅಡಿಯಲ್ಲಿ ರಬ್ಬರು ಇರುವಂಥದ್ದು. ಇನ್ನೊಂದು, ಸಗಟು ವ್ಯಾಪಾರಿಗಳು ಎಂಟು, ಒಂಬತ್ತನೇ ನಂಬರನ್ನೇ ಹೆಚ್ಚು ಕಳಿಸುತ್ತಾರೆ. ತೋಟದಲ್ಲಿ ಹೆಂಗಸರು ಅದನ್ನೇ ಹಾಕಿಕೊಂಡು, ಕಾಲಿಗೂ ಬೂಟಿಗೂ ನಡುವಿನ ಸಂದಿನಿಂದ ಜಿಗಣೆ ಇಳಿಸಿಕೊಳ್ಳುತ್ತಾರೆ. ನಾಲ್ಕು, ಐದು, ಆರನೇ ನಂಬರಿನವನ್ನು ಕೇಳಿ ತರಿಸಿ; ತೋಟದ ಲೆಕ್ಕ ಬರೆಯುವ ರೈಟರುಗಳು ಮೇ ತಿಂಗಳಲ್ಲೇ ಎಲ್ಲರ ಪಾದದ ಅಳತೆಯನ್ನು ಬರೆದು ಕೊಟ್ಟರೆ ಮಳೆ ಹಿಡಿಯುವ ಮುನ್ನ ಮಾಲು ಬಂದಿರುತ್ತದೆ.